ದಿಶಾಂಕ್ ಗೆರೆಯಿಂದ ಬಾಂದುಕಲ್ಲಿನವರೆಗೆ: ಉಪಗ್ರಹ, ಡ್ರೋನ್ ನಕ್ಷೆಯಲ್ಲಿ ನಿಮ್ಮ ಜಮೀನು ನೋಡುವ ಕ್ರಮ

"ದಿಶಾಂಕ್‌ನಲ್ಲಿ ನೋಡಿದೆ ಸಾರ್, ನಮ್ಮ ಗೆರೆ ಪಕ್ಕದವರ ತೋಟದೊಳಗೆ ಹೋಗಿದೆ. ಬೇಲಿ ಕಿತ್ತು ಹಾಕ್ಲಾ?" ಊರಿನವರಿಗೆ ಜಮೀನಿನ ದಾಖಲೆ ಓದಿಕೊಡುವ ನನಗೆ ಈ ಪ್ರಶ್ನೆ ತಿಂಗಳಿಗೆ ಎರಡು ಮೂರು ಸಲ ಬರುತ್ತದೆ. ದಿಶಾಂಕ್ ಅಂದರೆ ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರಿ ಮೊಬೈಲ್ ಆ್ಯಪ್. ಹೋದ ವರ್ಷ ಒಬ್ಬರು ಕೇಳುವ ಮೊದಲೇ ಕಿತ್ತು ಹಾಕಿದ್ದರು. ಮೂರು ವರ್ಷದ 14 ಅಡಿಕೆ ಸಸಿ. ಆಮೇಲೆ ಅಳತೆ ಮಾಡಿಸಿದಾಗ ಹಳೆ ಬದುವೇ ಸರಿ ಅಂತ ಗೊತ್ತಾಯಿತು. ಮೊಬೈಲಿನಲ್ಲಿ ಅವರು ನೋಡಿದ ಗೆರೆ ಸುಮಾರು 18 ಅಡಿ ಆಚೆ ಕೂತಿತ್ತು. ಆ ಎರಡು ಮನೆಯವರು ಇವತ್ತಿಗೂ ಮಾತಾಡುವುದಿಲ್ಲ.

ಇಲ್ಲಿ ಎಡವುವುದು ಕ್ರಮದಲ್ಲಿ. ಎಲ್ಲರೂ ಮೊದಲು ಚಿತ್ರ ನೋಡುತ್ತಾರೆ, ಜಗಳ ಶುರುವಾದ ಮೇಲೆ ಕಾಗದ ಹುಡುಕುತ್ತಾರೆ. ಮೊದಲು ಕಾಗದ, ಆಮೇಲೆ ಚಿತ್ರ, ಆಮೇಲೆ ನೆಲ, ಕೊನೆಗೆ ಅರ್ಜಿ. ಆಕಾಶದಿಂದ ತೆಗೆದ ಚಿತ್ರ ಬೇಲಿ ಎಲ್ಲಿದೆ ಅಂತ ತೋರಿಸುತ್ತದೆ. ಬೇಲಿ ಎಲ್ಲಿ ಇರಬೇಕು ಅಂತ ಅದಕ್ಕೆ ಗೊತ್ತಿಲ್ಲ.

ಹೊಲ, ಗದ್ದೆ, ತೋಟಕ್ಕೆ 1ರಿಂದ 7ನೇ ಹಂತದವರೆಗೆ ನೋಡಿ. ಗ್ರಾಮಠಾಣಾದೊಳಗಿನ (ಊರಿನ ಮನೆಗಳಿರುವ ಜಾಗದೊಳಗಿನ) ಮನೆ, ಹಿತ್ತಲಿನ ಡ್ರೋನ್ ಸರ್ವೆಗೆ 8ನೇ ಹಂತ ಬೇರೆಯೇ ಇದೆ. ಎರಡನ್ನೂ ಬೆರೆಸಬೇಡಿ.

ಮೊದಲು ಕೈಗೆ ಇಟ್ಟುಕೊಳ್ಳಬೇಕಾದದ್ದು

ಪಹಣಿ, ಆಕಾರಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ನಕಲು, ಟಿಪ್ಪಣಿ (ಭೂಮಾಪಕರ ಅಳತೆಯ ಕೈಚಿತ್ರ) ನಕಲು, ಗ್ರಾಮ ನಕ್ಷೆ, ನಿಮ್ಮ ಕ್ರಯಪತ್ರ ಅಥವಾ ವಿಭಾಗಪತ್ರ. ಪಹಣಿ ಭೂಮಿ ತಾಣದಲ್ಲಿ ಸಿಗುತ್ತದೆ. ಗ್ರಾಮ ನಕ್ಷೆಯನ್ನು ಕಂದಾಯ ಇಲಾಖೆಯ ತಾಣದಿಂದ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಟಿಪ್ಪಣಿಗೆ ತಾಲೂಕು ಕಚೇರಿಯ ಸರ್ವೆ ಶಾಖೆಯಲ್ಲಿ ನಕಲು ಅರ್ಜಿ ಹಾಕಬೇಕು. ಇದು ಕೈಗೆ ಬರಲು ದಿನ ಹಿಡಿಯುತ್ತದೆ, ಹಾಗಾಗಿ ಇವತ್ತೇ ಹಾಕಿ.

ಸಾಮಾನು ಅಂದರೆ 100 ಅಡಿ ಟೇಪು, ದಿಶಾಂಕ್ ಇರುವ ಮೊಬೈಲ್, ಸಾಧ್ಯವಾದರೆ ಗೂಗಲ್ ಅರ್ಥ್ ಪ್ರೊ ಹಾಕಿದ ಒಂದು ಕಂಪ್ಯೂಟರ್, ಒಂದು ನೋಟ್‌ಬುಕ್ಕು. ಜೊತೆಗೆ ಆ ಜಮೀನಿನ ಬದು ಕಂಡಿರುವ ಒಬ್ಬ ಹಿರಿಯರು. ಅವರ ನೆನಪಿಗೆ ಕಾನೂನಿನ ಬೆಲೆ ಎಷ್ಟೋ, ಆದರೆ ಹೂತು ಹೋದ ಕಲ್ಲು ಹುಡುಕಲು ಅವರಿಲ್ಲದೆ ಆಗುವುದಿಲ್ಲ.

ಹಂತ 1: ಪಹಣಿಯ ಅಂಕಿ ಸರಿಯಾಗಿ ಓದಿ

ಪಹಣಿಯಲ್ಲಿ ವಿಸ್ತೀರ್ಣ 2.20 ಅಂತ ಇದ್ದರೆ ಅದು 2 ಎಕರೆ 20 ಗುಂಟೆ. ಅಂದರೆ ಎರಡೂವರೆ ಎಕರೆ, ಏಕೆಂದರೆ 40 ಗುಂಟೆಗೆ ಒಂದು ಎಕರೆ. ಇದನ್ನೇ ದಶಾಂಶ ಅಂದುಕೊಂಡು ಕ್ಯಾಲ್ಕುಲೇಟರ್‌ಗೆ 2.20 ಅಂತ ಹೊಡೆದರೆ 2 ಎಕರೆ 8 ಗುಂಟೆ ಆಗುತ್ತದೆ. ಕೂತಲ್ಲೇ 12 ಗುಂಟೆ ಮಾಯ. "ನಕ್ಷೆಯಲ್ಲಿ ಜಾಸ್ತಿ ತೋರಿಸ್ತಿದೆ" ಅಂತ ಬರುವವರಲ್ಲಿ ಬಹಳ ಜನರ ಲೆಕ್ಕ ಇಲ್ಲೇ ತಪ್ಪಿರುತ್ತದೆ.

ಆಮೇಲೆ ಖರಾಬು ನೋಡಿ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಅ ಖರಾಬು, ಬ ಖರಾಬು ಬೇರೆ ಬೇರೆ ಬರೆದಿರುತ್ತದೆ. ಅ ಖರಾಬು ಅಂದರೆ ಸಾಗುವಳಿಗೆ ಬಾರದ ಬಂಡೆ, ದಿಬ್ಬದಂಥ ಜಾಗ. ಬ ಖರಾಬು ಅಂದರೆ ಹಳ್ಳ, ಬಂಡಿದಾರಿಯಂಥ ಸಾರ್ವಜನಿಕ ಜಾಗ. ನಕ್ಷೆಯ ಗೆರೆ ಎರಡನ್ನೂ ಸೇರಿಸಿಯೇ ಸುತ್ತುತ್ತದೆ. ಹಾಗಾಗಿ ಗೆರೆಯೊಳಗಿನ ಜಾಗ ನಿಮ್ಮ ಸಾಗುವಳಿ ವಿಸ್ತೀರ್ಣಕ್ಕಿಂತ ಜಾಸ್ತಿ ಬಂದರೆ ಅದು ತಪ್ಪಲ್ಲ. ಪಹಣಿಯ ಒಟ್ಟು ವಿಸ್ತೀರ್ಣ ಆಕಾರಬಂದ್‌ಗೆ ತಾಳೆ ಆಗುತ್ತದಾ ನೋಡಿ. ಆಗದಿದ್ದರೆ ಮೊದಲು ಅದನ್ನು ತಿದ್ದಿಸಬೇಕು. ಎರಡು ಕಾಗದ ಎರಡು ಮಾತು ಹೇಳುವಾಗ ಉಪಗ್ರಹದ ಚಿತ್ರ ನೋಡಿ ಏನೂ ಗಿಟ್ಟುವುದಿಲ್ಲ.

ಇನ್ನೊಂದು ಮಾತು. ಸರ್ವೆ ನಂಬರಿನ ಮುಂದೆ "ಪೈಕಿ" ಅಂತ ಇದೆಯಾ? ಹಾಗಿದ್ದರೆ ನಿಮ್ಮ ಪಾಲಿಗೆ ಇನ್ನೂ ಪೋಡಿ ಆಗಿಲ್ಲ, ಅಂದರೆ ಅದನ್ನು ಅಳೆದು ಬೇರೆ ನಂಬರು ಕೊಟ್ಟಿಲ್ಲ. ನಿಮ್ಮ ಭಾಗಕ್ಕೆ ಅಂತ ಬೇರೆ ಗೆರೆ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಮುಂದಿನ ಹಂತಕ್ಕೆ ಹೋಗುವ ಬದಲು ಪೋಡಿ ಅರ್ಜಿ ಹಾಕಿ.

ಹಂತ 2: ಟಿಪ್ಪಣಿಯ ಚೈನು, ಆಣೆಯನ್ನು ಅಡಿಗೆ ತಿರುಗಿಸಿ

ಈ ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಟಿಪ್ಪಣಿ ಅಂದರೆ ಭೂಮಾಪಕರು ಹೊಲದಲ್ಲೇ ನಿಂತು ಬರೆದ ಕೈಚಿತ್ರ. ನೋಡಲು ಸೊಟ್ಟಪಟ್ಟ ಇರುತ್ತದೆ, ಅದು ಅಳತೆಗೆ ಸರಿಯಾಗಿ ಬಿಡಿಸಿದ ಚಿತ್ರವಲ್ಲ. ಅದರ ಜೀವ ಇರುವುದು ಗೆರೆಗಳ ಮೇಲೆ ಬರೆದ ಅಂಕಿಯಲ್ಲಿ. ಜಮೀನಿನ ನಡುವೆ ಒಂದು ಉದ್ದ ಗೆರೆ, ಆ ಗೆರೆಯಿಂದ ಎಡಕ್ಕೆ ಬಲಕ್ಕೆ ಒಂದೊಂದು ಮೂಲೆಗೂ ಅಡ್ಡ ಅಳತೆ.

ಅಂಕಿಗಳು ಚೈನು ಮತ್ತು ಆಣೆಯಲ್ಲಿ ಇರುತ್ತವೆ. ಒಂದು ಚೈನು 33 ಅಡಿ. ಒಂದು ಚೈನಿಗೆ 16 ಆಣೆ. ಹಾಗಾಗಿ ಒಂದು ಆಣೆ 2 ಅಡಿ ಮುಕ್ಕಾಲು ಇಂಚು. ಚೈನು ಉದ್ದ, ಚೈನು ಅಗಲದ ಚೌಕವೇ ಒಂದು ಗುಂಟೆ, 1089 ಚದರ ಅಡಿ.

ಒಂದು ಗೆರೆಯ ಮೇಲೆ 12-8 ಅಂತ ಇದೆ ಅಂದುಕೊಳ್ಳಿ. ಅದು 12 ಚೈನು 8 ಆಣೆ, ಅಂದರೆ ಹನ್ನೆರಡೂವರೆ ಚೈನು. 33ರಿಂದ ಗುಣಿಸಿದರೆ 412 ಅಡಿ 6 ಇಂಚು. ಇದನ್ನು 12.8 ಅಂತ ಓದಿ ಗುಣಿಸಿದರೆ 422 ಅಡಿ ಬರುತ್ತದೆ. ಒಂದೇ ಗೆರೆಯಲ್ಲಿ ಹತ್ತು ಅಡಿ ತಪ್ಪು. ಪಕ್ಕದವರು ಹತ್ತು ಅಡಿ ಒತ್ತುವರಿ ಮಾಡಿದ್ದಾರೆ ಅಂತ ದೂರು ಬರೆಸಲು ಬಂದಿದ್ದ ಒಬ್ಬರ ನೋಟ್‌ಬುಕ್ಕಿನಲ್ಲಿ ನಾನು ಕಣ್ಣಾರೆ ಕಂಡದ್ದು ಇದೇ ಲೆಕ್ಕ. ಅವರ ಜಮೀನು ಒಂದಂಗುಲವೂ ಹೋಗಿರಲಿಲ್ಲ.

ಪ್ರತಿ ಗೆರೆಯನ್ನೂ ಅಡಿಗೆ ತಿರುಗಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಳೆ ನಕಲಿನಲ್ಲಿ 1 ಮತ್ತು 7, 3 ಮತ್ತು 8 ಒಂದೇ ಥರ ಕಾಣುತ್ತವೆ. ಅನುಮಾನ ಬಂದರೆ ಪಕ್ಕದ ಸರ್ವೆ ನಂಬರಿನ ಟಿಪ್ಪಣಿಯನ್ನೂ ತೆಗೆಸಿ. ಎರಡಕ್ಕೂ ಸೇರಿದ ಗೆರೆಯಲ್ಲಿ ಒಂದೇ ಉದ್ದ ಇರಬೇಕಲ್ವಾ.

ಹಂತ 3: ಚಿತ್ರ ಎಷ್ಟು ಸೂಕ್ಷ್ಮ ಅಂತ ತಿಳಿದುಕೊಳ್ಳಿ

ಪ್ರತಿ ಉಪಗ್ರಹ ಚಿತ್ರವೂ ಚಿಕ್ಕ ಚೌಕಗಳಿಂದ ಆಗಿದೆ. ಒಂದು ಚೌಕದೊಳಗೆ ಏನೇ ಇದ್ದರೂ ಅದು ಒಂದೇ ಬಣ್ಣ. ಹಾಗಾಗಿ ಆ ಚೌಕ ನೆಲದ ಮೇಲೆ ಎಷ್ಟು ಅಗಲ ಅನ್ನುವುದೇ ಮುಖ್ಯ. ಇದನ್ನು ಮೀಟರಿನಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಗುಂಟೆ ಆಣೆಯಲ್ಲಿ ನೋಡಿ.

ಯುರೋಪಿನ ಸೆಂಟಿನೆಲ್-2 ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅದರ ಒಂದು ಚೌಕ 10 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್‌ನದು 30 ಮೀಟರ್, ಸುಮಾರು 9 ಗುಂಟೆ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಐದೂವರೆ ಗುಂಟೆ. 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1ರದು 2.5 ಮೀಟರ್. ಇದು ನೋಡಿ ಚೆನ್ನಾಗಿದೆ: ಒಂದು ಚೌಕ ಅಂದರೆ ಸರಿಸುಮಾರು ಗುಂಟೆಯ ಹದಿನಾರನೇ ಒಂದು ಭಾಗ, ಅಂದರೆ ಒಂದು ಆಣೆ ಜಾಗ (ಇದು ಹಂತ 2ರ ಉದ್ದದ ಆಣೆ ಅಲ್ಲ, ವಿಸ್ತೀರ್ಣದ ಆಣೆ). 2019ರ ಕಾರ್ಟೊಸ್ಯಾಟ್-3 ಇನ್ನೂ ಸೂಕ್ಷ್ಮ, ಒಂದು ಅಡಿಯೊಳಗೆ. ಗ್ರಾಮಠಾಣಾದ ಮನೆಗಳನ್ನು ಅಳೆಯುವ ಸ್ವಾಮಿತ್ವ ಯೋಜನೆಯ ಡ್ರೋನ್ ಚಿತ್ರದಲ್ಲಿ ಚೌಕ ಸುಮಾರು 5 ಸೆಂಟಿಮೀಟರ್, ಎರಡು ಬೆರಳಿನಷ್ಟು.

ಒಂದು ಗುಂಟೆಯ ಚೌಕ ಇರುವ ಚಿತ್ರದಲ್ಲಿ ಮೂರಡಿ ಬದು ಹುಡುಕುವುದು ಆಗದ ಕೆಲಸ. ಅಲ್ಲಿ ಬದು ಕಂಡಂತೆ ಆದರೂ ಅದು ಎರಡು ಬೆಳೆಯ ಬಣ್ಣ ಕೂಡುವ ಜಾಗ ಅಷ್ಟೇ.

ಮಲೆನಾಡು, ಕೊಡಗಿನವರಿಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಅಲ್ಲಿಂದ ಗಾಬರಿಯ ಫೋನು ಜಾಸ್ತಿ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ಅರಣ್ಯ ಹೊದಿಕೆ ನಕ್ಷೆಯಲ್ಲಿ ನಿಮ್ಮ ಕಾಫಿ ತೋಟ ಹಸಿರಾಗಿ ಕಂಡರೆ ಅದು ಅರಣ್ಯ ಭೂಮಿ ಆಯಿತು ಅಂತಲ್ಲ. ಆ ನಕ್ಷೆ ಮರದ ನೆರಳು ನೂರಕ್ಕೆ 10 ಭಾಗಕ್ಕಿಂತ ಜಾಸ್ತಿ ಇದೆಯಾ ಅಂತ ಮಾತ್ರ ನೋಡುತ್ತದೆ, ಜಮೀನು ಯಾರದು ಅಂತ ನೋಡುವುದಿಲ್ಲ. 1 ಹೆಕ್ಟೇರಿಗಿಂತ, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಚಿಕ್ಕ ತುಂಡು ಅದರ ಲೆಕ್ಕಕ್ಕೇ ಬರುವುದಿಲ್ಲ. ಅರಣ್ಯ ಭೂಮಿ ಹೌದೋ ಅಲ್ಲವೋ ಅನ್ನುವುದನ್ನು ಅಧಿಸೂಚನೆ ಮತ್ತು ಕಂದಾಯ ದಾಖಲೆಯಲ್ಲಿ ನೋಡಬೇಕು.

ಹಂತ 4: ಮನೆಯಲ್ಲಿ ಕೂತು ಗೆರೆ ಎಷ್ಟು ಸರಿದಿದೆ ಅಂತ ಪರೀಕ್ಷಿಸಿ

ದಿಶಾಂಕ್ ಆ್ಯಪ್ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ್ದು. ನಿಂತ ಜಾಗದ ಸರ್ವೆ ನಂಬರು ಯಾವುದು ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೆರೆ, ಗೋಮಾಳ, ರಾಜಕಾಲುವೆ ಪಕ್ಕದ ಸೈಟು ಕೊಳ್ಳುವ ಮೊದಲು ಇದನ್ನು ತೆರೆದು ನೋಡಿದ ಎಷ್ಟೋ ಜನ ದುಡ್ಡು ಉಳಿಸಿಕೊಂಡಿದ್ದಾರೆ. ಆದರೆ ಅದು ಹಾಕುವ ಗೆರೆ ಎಲ್ಲಿಂದ ಬಂತು ಅಂತ ತಿಳಿದಿರಬೇಕು.

ಅದು ಹಳೆ ಗ್ರಾಮ ನಕ್ಷೆಯನ್ನು ಗಣಕಕ್ಕೆ ಏರಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಿದ ಗೆರೆ. ಗ್ರಾಮ ನಕ್ಷೆ ಸಾಮಾನ್ಯವಾಗಿ 8 ಇಂಚಿಗೆ 1 ಮೈಲಿ, ಅಂದರೆ 1:7920 ಅಳತೆಯಲ್ಲಿ ಇರುತ್ತದೆ. ಆ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ನೆಲದ ಮೇಲೆ 13 ಅಡಿ. ಗೆರೆಯ ದಪ್ಪವೇ ಅಷ್ಟು! ಅದರ ಮೇಲೆ ಕಾಗದ ಸುಕ್ಕಾಗಿದ್ದು, ಮಡಿಕೆ ಬಿದ್ದಿದ್ದು ಬೇರೆ. ಇದರಲ್ಲಿ ಯಾರದೂ ತಪ್ಪಿಲ್ಲ. ಆ ನಕ್ಷೆ ಊರಿನ ಸರ್ವೆ ನಂಬರುಗಳು ಒಂದಕ್ಕೊಂದು ಹೇಗೆ ಕೂತಿವೆ ಅಂತ ತೋರಿಸಲು ಮಾಡಿದ್ದು, ಬೇಲಿ ಕಂಬ ನೆಡಲು ಅಲ್ಲ.

ಪರೀಕ್ಷೆ ಹೀಗೆ ಮಾಡಿ. ನಿಮ್ಮ ಜಮೀನಿನ ಸುತ್ತ ಗ್ರಾಮ ನಕ್ಷೆಯಲ್ಲೂ ಇರುವ, ಚಿತ್ರದಲ್ಲೂ ಕಾಣುವ ಮೂರು ಗುರುತು ಆರಿಸಿ. ಕೆರೆ ಏರಿಯ ತುದಿ, ಹಳೆ ತೆರೆದ ಬಾವಿ, ಮೂರು ಊರಿನ ಗಡಿ ಸೇರುವ ಕಲ್ಲು ಒಳ್ಳೆಯ ಗುರುತುಗಳು. ಹಳ್ಳ ಬೇಡ, ಅದು ಮಳೆಗಾಲಕ್ಕೊಮ್ಮೆ ಪಾತ್ರ ಬದಲಿಸುತ್ತದೆ. ರಸ್ತೆಯೂ ಬೇಡ, ಅಗಲ ಮಾಡಿರುತ್ತಾರೆ. ಈಗ ಒಂದೊಂದು ಗುರುತಿನಲ್ಲೂ ಗೆರೆ ಯಾವ ದಿಕ್ಕಿಗೆ ಎಷ್ಟು ಸರಿದಿದೆ ಅಂತ ಅಂದಾಜು ಮಾಡಿ ಬರೆಯಿರಿ.

ಮೂರೂ ಕಡೆ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಅಷ್ಟೇ ದೂರ ಸರಿದಿದ್ದರೆ ನಕ್ಷೆ ಒಟ್ಟಾಗಿ ಜರುಗಿದೆ ಅಂತ. ಅಷ್ಟನ್ನು ಕಳೆದು ನಿಮ್ಮ ಗೆರೆ ನೋಡಬಹುದು. ಮೂರು ಕಡೆ ಮೂರು ದಿಕ್ಕಿಗೆ ಸರಿದಿದ್ದರೆ ಕಾಗದ ಎಳೆದಂತೆ ಆಗಿದೆ. ಅಲ್ಲಿ ದಿಶಾಂಕ್‌ನಿಂದ ಸರ್ವೆ ನಂಬರು ಮಾತ್ರ ತಿಳಿದುಕೊಳ್ಳಿ, ಗೆರೆಯನ್ನು ಮರೆತುಬಿಡಿ.

ಚಿತ್ರವೂ ಸರಿದಿರಬಹುದು. ನಿಮ್ಮ ಮನೆಯ ತಾರಸಿ ಮೂಲೆಯ ಅಕ್ಷಾಂಶ ರೇಖಾಂಶವನ್ನು ಗೂಗಲ್ ಅರ್ಥ್‌ನಲ್ಲಿ ಬರೆದುಕೊಂಡು, ಅದೇ ಅಂಕಿಯನ್ನು ಇಸ್ರೊದ ಭುವನ್ ತಾಣದಲ್ಲಿ ಹಾಕಿ. ಎರಡರಲ್ಲೂ ಅದೇ ಮೂಲೆಗೆ ಹೋಗುತ್ತದಾ? ನಾಲ್ಕು ಮೀಟರ್ ಆಚೆ ಹೋದರೆ ನಿಮ್ಮ ಯಾವ ತೀರ್ಮಾನದಲ್ಲೂ ಆ ನಾಲ್ಕು ಮೀಟರಿನ ಅನುಮಾನ ಇರಲಿ.

ಇನ್ನೊಂದು ಸಾಮಾನ್ಯ ಎಡವಟ್ಟು ಹಿಸ್ಸಾದ್ದು, ಅಂದರೆ ಒಂದು ಸರ್ವೆ ನಂಬರಿನೊಳಗಿನ ಪಾಲಿನದು. ನಿಮ್ಮದು 45/2. ನಕ್ಷೆಯಲ್ಲಿ ಬಹಳ ಕಡೆ 45ರ ಹೊರ ಗೆರೆ ಮಾತ್ರ ಇರುತ್ತದೆ, ಒಳಗಿನ ಹಿಸ್ಸಾ ಗೆರೆ ಇರುವುದಿಲ್ಲ. ಇಡೀ 45 ನೋಡಿ "ಇಷ್ಟೂ ನಮ್ಮದೇ" ಅಂದುಕೊಂಡು ಅಣ್ಣತಮ್ಮಂದಿರ ಮೇಲೆ ಹೋದವರಿದ್ದಾರೆ. ಹಿಸ್ಸಾ ಅಳತೆ ಬೇಕಾದರೆ ಹಿಸ್ಸಾ ಟಿಪ್ಪಣಿ ಅಥವಾ 11ಇ ನಕ್ಷೆ (ಮಾರಾಟಕ್ಕೆ, ಭಾಗಕ್ಕೆ ಮಾಡುವ ಸರ್ವೆ ನಕ್ಷೆ) ತೆಗೆಸಬೇಕು.

ಹಂತ 5: ಹಳೆ ಚಿತ್ರ ನೋಡಿ, ಆದರೆ ತಿಂಗಳು ನೋಡದೆ ನಂಬಬೇಡಿ

ಗೂಗಲ್ ಅರ್ಥ್ ಪ್ರೊನಲ್ಲಿ ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಚಿತ್ರ ಬರುತ್ತದೆ. ಬದು ಯಾವಾಗ ಸರಿಯಿತು, ಮನೆ ಯಾವಾಗ ಎದ್ದಿತು, ದಾರಿ ಮೊದಲಿಂದ ಇತ್ತಾ ಅಂತ ನೋಡಲು ಇದು ತುಂಬಾ ಉಪಯೋಗ. ಬಗರ್‌ಹುಕುಂ ಅರ್ಜಿಗಳಲ್ಲಿ ಸಾಗುವಳಿ ನಿಜವಾಗಿ ಇತ್ತಾ ಅಂತ ತಿಳಿಯಲು ಸರ್ಕಾರವೂ ಉಪಗ್ರಹ ಚಿತ್ರ ನೋಡುತ್ತಿದೆ.

1984ರ ಚಿತ್ರ ಅಂತ ಅಲ್ಲಿ ಬರುವುದು ಲ್ಯಾಂಡ್‌ಸ್ಯಾಟ್‌ನದು. ಚೌಕಕ್ಕೆ 9 ಗುಂಟೆ. ಕೆರೆ, ಕಾಡು ಕಾಣುತ್ತದೆ, ನಿಮ್ಮ ಹೊಲ ಕಾಣುವುದಿಲ್ಲ. ಹೊಲ ಕಾಣುವಷ್ಟು ಚೆನ್ನಾಗಿರುವ ಚಿತ್ರ ಸಿಗುವುದು 2000ದ ಆಚೆಗೆ, ಅದೂ ಊರಿಂದ ಊರಿಗೆ ಬೇರೆ ಬೇರೆ ವರ್ಷದಿಂದ.

ತಿಂಗಳು ಮುಖ್ಯ ಅನ್ನುವುದು ಇದಕ್ಕೆ: ಮೋಡ ಇಲ್ಲದ ಚಿತ್ರ ಜಾಸ್ತಿ ಸಿಗುವುದು ಜನವರಿಯಿಂದ ಏಪ್ರಿಲ್ ನಡುವೆ. ಆಗ ಮಳೆ ಆಶ್ರಯದ ರಾಗಿ ಹೊಲ ಕೊಯ್ಲಾಗಿ ಬರಿ ಮಣ್ಣು. ಮಾರ್ಚ್ ತಿಂಗಳ ಚಿತ್ರ ಒಂದನ್ನೇ ನೋಡಿದವರು "ಬೀಳು ಬಿದ್ದಿದೆ" ಅಂತ ಬರೆದುಬಿಡಬಹುದು. ನಿಮ್ಮ ಸಾಗುವಳಿ ತೋರಿಸಬೇಕಾದರೆ ಅಕ್ಟೋಬರ್, ನವೆಂಬರಿನ ಚಿತ್ರ ಹುಡುಕಿ. 2015ರ ನಂತರದ ವರ್ಷಗಳಿಗೆ ಸೆಂಟಿನೆಲ್-2 ಸಾಕು. ಎರಡನೇ ಉಪಗ್ರಹ ಸೇರಿದ 2017ರಿಂದ ಅದು ಐದು ದಿನಕ್ಕೊಮ್ಮೆ ಬರುತ್ತದೆ, ಮೋಡದ ಸಂದಿಯಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ. ಚಿತ್ರ ಇಳಿಸುವಾಗ ದಿನಾಂಕ ಕಾಣುವಂತೆ ಇಡಿ. ದಿನಾಂಕ ಇಲ್ಲದ ಚಿತ್ರ ಯಾರ ಮುಂದೆಯೂ ನಿಲ್ಲುವುದಿಲ್ಲ.

ನೆರಳಿನ ಬಗ್ಗೆಯೂ ಎಚ್ಚರ. ಇಂಥ ಉಪಗ್ರಹಗಳಲ್ಲಿ ಬಹಳಷ್ಟು ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ ಹತ್ತೂವರೆ ಸುಮಾರಿಗೆ. ಸೂರ್ಯ ಪೂರ್ವಕ್ಕಿರುತ್ತಾನೆ, ನೆರಳು ಪಶ್ಚಿಮಕ್ಕೆ ಬೀಳುತ್ತದೆ. ಬದುವಿನ ಸಿಲ್ವರ್ ಮರದ ಸಾಲಿನ ನೆರಳನ್ನೇ ಬೇಲಿ ಅಂದುಕೊಂಡು ಅಳೆದರೆ ಗಡಿ ಪಶ್ಚಿಮದವರ ಹೊಲಕ್ಕೆ ಹೋಗುತ್ತದೆ. ಎತ್ತರದ ತೆಂಗು ಚಿತ್ರದಲ್ಲಿ ವಾಲಿದಂತೆ ಕಾಣುತ್ತದೆ. ಗರಿ ಎಲ್ಲಿದೆ ಅಂತಲ್ಲ, ಬುಡ ಎಲ್ಲಿದೆ ಅಂತ ನೋಡಿ.

ಹಂತ 6: ಟೇಪು ಹಿಡಿದು ಹೊಲಕ್ಕೆ ಹೋಗಿ

ಈಗ ನೆಲ. ಬೇಸಿಗೆಯಲ್ಲಿ ಹೋಗಿ, ಪೊದೆ ಕಡಿಮೆ ಇರುತ್ತದೆ. ಹಿರಿಯರನ್ನು ಕರೆದುಕೊಂಡು ಮೊದಲು ಬಾಂದುಕಲ್ಲು, ಅಂದರೆ ಸರ್ವೆಯ ಗಡಿಕಲ್ಲು ಹುಡುಕಿ. ಬದು ಮೇಲೆ ಮಣ್ಣು ಏರಿ ಕಲ್ಲು ಮೊಳದಷ್ಟು ಕೆಳಗೆ ಹೋಗಿರುವುದು ಸಾಮಾನ್ಯ. ಎರಡು ಕಲ್ಲು ಸಿಕ್ಕರೆ ಅವುಗಳ ನಡುವಿನ ದೂರ ಅಳೆದು ಹಂತ 2ರ ಅಂಕಿಗೆ ತಾಳೆ ನೋಡಿ. ಕಲ್ಲಿನಿಂದ ಕಲ್ಲಿಗೆ ಅಳತೆ ಸರಿ ಬಂದರೆ ನಿಮ್ಮ ಅರ್ಧ ಚಿಂತೆ ಮುಗಿಯಿತು.

ಮೊಬೈಲ್ ಜಿಪಿಎಸ್‌ನಿಂದ ಗಡಿ ನಡೆಯಬೇಡಿ. ಬಯಲಲ್ಲೂ ಅದು 3ರಿಂದ 5 ಮೀಟರ್ ಹಿಂದೆಮುಂದೆ ಹೋಗುತ್ತದೆ. ಅಡಿಕೆ ತೋಟದೊಳಗೆ ಇನ್ನೂ ಜಾಸ್ತಿ. 5 ಮೀಟರ್ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ಗಡಿಯ ಉದ್ದ 100 ಮೀಟರ್ ಇದ್ದರೆ 500 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ 5 ಗುಂಟೆ. ಮೊಬೈಲಿನ ಒಂದು ಸಣ್ಣ ಅಲುಗಾಟಕ್ಕೆ 5 ಗುಂಟೆಯ ಜಗಳ!

ಈ ಅಳತೆ ನಿಮ್ಮ ತಿಳಿವಳಿಕೆಗೆ ಮಾತ್ರ. ಕಲ್ಲು ಕೀಳುವುದು, ಸರಿಸುವುದು, ಹೊಸದು ನೆಡುವುದು ಯಾವುದನ್ನೂ ಮಾಡಬೇಡಿ. ಗಡಿ ಗುರುತು ಕಿತ್ತರೆ ಆಮೇಲೆ ನಿಮ್ಮ ಪರ ಇರಬಹುದಾದ ಸಾಕ್ಷಿಯನ್ನೇ ಕಿತ್ತಂತೆ, ಮೇಲೆ ಕೇಸೂ ಆಗುತ್ತದೆ. ಸಾಧ್ಯವಾದರೆ ಪಕ್ಕದವರನ್ನೂ ಕರೆಯಿರಿ. "ಅಣ್ಣಾ, ಟಿಪ್ಪಣಿ ತೆಗೆಸಿದ್ದೀನಿ, ಒಂದ್ಸಲ ಜೊತೆಗೆ ಅಳೆದು ನೋಡೋಣ ಬನ್ನಿ" ಅಂತ ಕರೆದಲ್ಲಿ ಎಷ್ಟೋ ತಕರಾರು ಅದೇ ಸಂಜೆ ಮುಗಿದಿದೆ.

ಹಂತ 7: ವ್ಯತ್ಯಾಸ ಉಳಿದರೆ ಹದ್ದುಬಸ್ತು ಅರ್ಜಿ

ಕಾಗದ, ಚಿತ್ರ, ಟೇಪು ಮೂರೂ ಆದ ಮೇಲೂ ಗಡಿ ಸರಿದಿದೆ ಅಂತ ಅನಿಸಿದರೆ ನಾಡಕಚೇರಿಯಲ್ಲಿ ಅಥವಾ ಸರ್ವೆ ಇಲಾಖೆಯ ಮೋಜಿಣಿ ತಾಣದಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ. ಜಮೀನು ಮಾರಲು, ಭಾಗ ಮಾಡಲು ಬೇಕಾದದ್ದು 11ಇ ನಕ್ಷೆ. ಗಡಿ ಗುರುತಿಸಲು ಬೇಕಾದದ್ದು ಹದ್ದುಬಸ್ತು. ತಪ್ಪು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದವರನ್ನು ನೋಡಿದ್ದೇನೆ, ಶುಲ್ಕ ಕಟ್ಟುವ ಮೊದಲು ರಸೀದಿಯ ಮೇಲೆ ಸೇವೆಯ ಹೆಸರು ಓದಿ.

ಭೂಮಾಪಕರು ಬರುವ ದಿನ ಬಾಜುದಾರರಿಗೆ (ಅಕ್ಕಪಕ್ಕದ ಜಮೀನಿನವರಿಗೆ) ನೋಟಿಸ್ ತಲುಪಿದೆಯಾ ಅಂತ ವಿಚಾರಿಸಿ. ತಲುಪದೆ ಅಳತೆ ಆದರೆ ಅವರು ಅದನ್ನೇ ಹಿಡಿದು ತಕರಾರು ಮಾಡುತ್ತಾರೆ, ನಿಮ್ಮ ಅಳತೆ ಬಿದ್ದುಹೋಗಬಹುದು. ಮೂಲೆಗಳಲ್ಲಿ ಪೊದೆ ಸವರಿಸಿ ಇಡಿ. ನೆಡಲು ಕಲ್ಲು ಮೊದಲೇ ತರಿಸಿ.

ಈಗ ಹಲವು ಕಡೆ ರೋವರ್ ಹಿಡಿದು ಅಳೆಯುತ್ತಾರೆ. ಕೋಲಿನ ತುದಿಯಲ್ಲಿ ದುಂಡಗಿನ ಯಂತ್ರ ಇರುತ್ತದಲ್ಲ, ಅದೇ. ಅದೂ ಉಪಗ್ರಹದ ಸಂಕೇತವನ್ನೇ ತೆಗೆದುಕೊಳ್ಳುತ್ತದೆ. ಆದರೆ ನೆಲದ ಮೇಲೆ ಕಾಯಂ ಆಗಿ ನಿಲ್ಲಿಸಿದ ಕೇಂದ್ರಗಳಿಂದ ತಿದ್ದುಪಡಿ ಪಡೆದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಮೊಬೈಲಿಗೂ ಅದಕ್ಕೂ ಇರುವ ವ್ಯತ್ಯಾಸ ಇದೇ. ರೋವರ್ ಬಂದರೂ ಆಧಾರ ಮಾತ್ರ ಟಿಪ್ಪಣಿಯೇ. ಹಾಗಾಗಿ ಅವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: "ಯಾವ ಕಲ್ಲನ್ನು ಆಧಾರ ಇಟ್ಟುಕೊಂಡು ಶುರು ಮಾಡಿದಿರಿ?" ಉತ್ತರವನ್ನು ಬರೆದುಕೊಳ್ಳಿ. ಮುಂದೆ ಭೂದಾಖಲೆಗಳ ಸಹಾಯಕ ನಿರ್ದೇಶಕರು ಅಥವಾ ಉಪನಿರ್ದೇಶಕರ ಹತ್ತಿರ ಮೇಲ್ಮನವಿಗೆ ಹೋಗಬೇಕಾದರೆ ವಾದ ನಿಲ್ಲುವುದು ಈ ಉತ್ತರದ ಮೇಲೆ.

ಹದ್ದುಬಸ್ತು ಗಡಿ ತೋರಿಸುತ್ತದೆ, ಒಳಗೆ ಕೂತವರನ್ನು ಎಬ್ಬಿಸುವುದಿಲ್ಲ. ಅವರು ಬಿಡದಿದ್ದರೆ ಸಿವಿಲ್ ನ್ಯಾಯಾಲಯ.

ಹಂತ 8: ಗ್ರಾಮಠಾಣಾಕ್ಕೆ ಡ್ರೋನ್ ಬಂದಾಗ

2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಪ್ರಾಯೋಗಿಕವಾಗಿ ತೆಗೆದುಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರಿಸುವುದು ಭಾರತೀಯ ಸರ್ವೇಕ್ಷಣ ಇಲಾಖೆ. ಇಲ್ಲಿ ಹಳೆ ಟಿಪ್ಪಣಿ ಇರುವುದಿಲ್ಲ. ಗ್ರಾಮಠಾಣಾದೊಳಗೆ ಮನೆ ಮನೆಗೆ ಅಳತೆ ಇರಲಿಲ್ಲ, ಈಗ ಹೊಸದಾಗಿ ಆಗುತ್ತಿದೆ. ಹಾಗಾಗಿ ಡ್ರೋನ್ ಹಾರುವ ದಿನಕ್ಕಿಂತ ಅದರ ಹಿಂದಿನ ದಿನ ದೊಡ್ಡದು.

ಆ ದಿನ ಸುಣ್ಣದ ಗೆರೆ ಹಾಕುತ್ತಾರೆ. ಮನೆಯಲ್ಲಿ ಯಾರಾದರೂ ದೊಡ್ಡವರು ಇರಲೇಬೇಕು. ಗೆರೆ ಅಂಗೈ ಅಗಲಕ್ಕಿಂತ ಕಡಿಮೆ ಇರಬಾರದು. ಚಿತ್ರದ ಚೌಕವೇ 5 ಸೆಂಟಿಮೀಟರ್, ದಾರದಂಥ ಗೆರೆ ಅದರಲ್ಲಿ ಕರಗಿಹೋಗುತ್ತದೆ. ರಾತ್ರಿ ಮಳೆ ಬಂದು ತೊಳೆದುಹೋದರೆ ಬೆಳಗ್ಗೆ ಮತ್ತೆ ಹಾಕಿಸಿ.

ಜನ ಜಾಸ್ತಿ ಕಳೆದುಕೊಳ್ಳುವುದು ಹಿತ್ತಲು. ಮನೆಗೆ ಗೋಡೆ ಇದೆ, ಚಿತ್ರದಲ್ಲಿ ಕಾಣುತ್ತದೆ. ಅಜ್ಜನ ಕಾಲದಿಂದ ತಿಪ್ಪೆ ಹಾಕುತ್ತಿದ್ದ ಜಾಗ, ಹುಲ್ಲಿನ ಬಣವೆ ಒಟ್ಟುತ್ತಿದ್ದ ಜಾಗ, ದನ ಕಟ್ಟುತ್ತಿದ್ದ ಜಾಗ ಮೇಲಿನಿಂದ ಬರಿ ಬಯಲು. ಸುಣ್ಣ ಬೀಳದಿದ್ದರೆ ಅದು ಖಾಲಿ ಜಾಗ ಅಂತಲೇ ಕೂತುಬಿಡುತ್ತದೆ. ಮರದ ನೆರಳಿನಲ್ಲಿರುವ ಮೂಲೆಯನ್ನೂ ಡ್ರೋನ್ ನೋಡಲಾರದು. ಅಂಥ ಕಡೆ ಟೇಪಿನಿಂದ ಅಳೆಯಲು ಅಲ್ಲೇ ಹೇಳಿ.

ಎರಡನೆಯದು ಸೂರು. ಹೆಂಚಿನ ಮನೆಯಲ್ಲಿ ಸೂರು ಗೋಡೆಯಿಂದ ಎರಡು ಮೂರು ಅಡಿ ಆಚೆ ಚಾಚಿರುತ್ತದೆ. ಡ್ರೋನಿಗೆ ಕಾಣುವುದು ಸೂರಿನ ಅಂಚು, ಗೋಡೆ ಅಲ್ಲ. ಎರಡು ಮನೆಯ ಸೂರು ಒಂದರ ಮೇಲೊಂದು ಬಂದ ಕಡೆ ಗಡಿ ಎಲ್ಲಿ ಅಂತ ಚಿತ್ರ ಹೇಳುವುದೇ ಇಲ್ಲ. ಗೋಡೆಯಿಂದ ಸೂರಿನ ಅಂಚಿಗೆ ಎಷ್ಟು ಅಂತ ನೀವೇ ಅಳೆದು ಬರೆದಿಡಿ.

ಮೊದಲ ನಕ್ಷೆ ತಯಾರಾದ ಮೇಲೆ ಅದನ್ನು ಹಿಡಿದು ಮನೆಮನೆಗೆ ತಾಳೆ ನೋಡಲು ಬರುತ್ತಾರೆ. ಆಗ ಆ ಬರಹವನ್ನು ತೋರಿಸಿ. ಹೆಸರಿನ ಅಕ್ಷರ, ಜಂಟಿ ಮಾಲೀಕರ ಹೆಸರು, ನಾಲ್ಕೂ ಕಡೆಯ ಅಳತೆ, ಚೆಕ್ಕುಬಂದಿ (ನಾಲ್ಕು ದಿಕ್ಕಿಗೆ ಏನಿದೆ, ಯಾರದು ಅನ್ನುವುದು) ಓದಿ ನೋಡಿ. ತಪ್ಪಿದ್ದರೆ ಬಾಯಲ್ಲಿ ಹೇಳಿ ಸುಮ್ನೆ ಬಿಡಬೇಡಿ. ನೋಟಿಸಿನಲ್ಲಿ ಕೊಟ್ಟ ಕೊನೆ ದಿನದೊಳಗೆ ಬರಹದಲ್ಲಿ ತಕರಾರು ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಕೆಲಸಕ್ಕೆ ಅಂತ ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವವರು ಈ ದಿನಗಳಿಗೆ ಊರಿನಲ್ಲಿ ನಂಬಿಕೆಯ ಒಬ್ಬರಿಗೆ ಕಾಗದದ ನಕಲು ಕೊಟ್ಟಿರಿ. ಬೀಗ ಹಾಕಿದ ಮನೆಯ ಹಿತ್ತಲನ್ನು ಯಾರೂ ತೋರಿಸಿಕೊಡುವುದಿಲ್ಲ. ಆಸ್ತಿ ಕಾರ್ಡು ಬಂದಾಗ ಅದರ ಅಳತೆಯನ್ನು ಪಂಚಾಯಿತಿಯ ಇ-ಸ್ವತ್ತು ನಮೂನೆ 9ರ ಅಳತೆಯ ಜೊತೆ ಇಟ್ಟು ನೋಡಿ.

ಇವು ಕಂಡರೆ ಅಲ್ಲೇ ನಿಲ್ಲಿ

ಯಾರಾದರೂ ಆ್ಯಪಿನ ಚಿತ್ರ ತೆಗೆದು ಮುದ್ರಿಸಿ "ಇದೇ ಸರ್ವೆ ನಕ್ಷೆ" ಅಂತ ಜಮೀನು ಮಾರಲು ಬಂದರೆ ಮುಂಗಡ ಕೊಡಬೇಡಿ. 11ಇ ನಕ್ಷೆ ಕೇಳಿ. ಟಿಪ್ಪಣಿ ಸಿಗಲಿಲ್ಲ, ಚಿತ್ರ ನೋಡಿ ಗಡಿ ಹಾಕಿದ್ದೇವೆ ಅಂತ ಯಾರೇ ಹೇಳಿದರೂ ಅದನ್ನು ಬರಹದಲ್ಲಿ ಕೇಳಿ, ಮಹಜರಿಗೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಪಹಣಿಗಿಂತ ಅಳತೆ ಜಾಸ್ತಿ ಬಂತು ಅಂತ ಖುಷಿಪಡುವ ಮೊದಲು ಬ ಖರಾಬಿನ ದಾರಿಯೋ ಹಳ್ಳವೋ ಒಳಗೆ ಸೇರಿದೆಯಾ ನೋಡಿ, ಅದು ಆಮೇಲೆ ಒತ್ತುವರಿ ಆಗಿ ನಿಮ್ಮ ತಲೆಗೇ ಬರುತ್ತದೆ.

ಕಲ್ಲು ನೆಟ್ಟ ದಿನವೇ ಒಂದೊಂದು ಕಲ್ಲಿನ ಹತ್ತಿರ ನಿಂತು ಎರಡು ಫೋಟೊ ತೆಗೆಯಿರಿ. ಒಂದು ಹತ್ತಿರದಿಂದ, ಇನ್ನೊಂದು ಹಿಂದೆ ಬಾವಿಯೋ ಬಂಡೆಯೋ ಕಾಣುವಂತೆ ದೂರದಿಂದ. ಕಲ್ಲಿನಿಂದ ಆ ಬಾವಿಕಟ್ಟೆಗೆ ಎಷ್ಟು ಅಡಿ ಅಂತ ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ರೋವರ್‌ನಲ್ಲಿ ಅಳೆದಿದ್ದರೆ ಆ ಕಲ್ಲುಗಳ ಅಕ್ಷಾಂಶ ರೇಖಾಂಶದ ಅಂಕಿಯನ್ನು ಕೇಳಿ ಅದೇ ಹಾಳೆಯಲ್ಲಿ ಬರೆದುಕೊಂಡು, ಆ ಹಾಳೆಯನ್ನು ಪಹಣಿಯ ಜೊತೆ ಇಡಿ.